ಮೂವತ್ತೆರಡು ಅಂಗುಲದ ಎದೆ

ಹಲಸೂರು ಮಾರುಕಟ್ಟೆಯ ಹಿಂದಿನ ಓಣಿಯ ವಠಾರದಲ್ಲಿದ್ದ ರಮಾಮಣಿಗೆ ಕುದಿಯುವ ನೀರಿನಲ್ಲಿ ಇದ್ದಷ್ಟು ನಂಬಿಕೆ ದೇವರಲ್ಲೂ ಇರಲಿಲ್ಲ ಎಂದರೆ ಆಕೆ ಒಪ್ಪುತ್ತಿರಲಿಲ್ಲ. ಆದರೆ ದೇವರ ವಿಗ್ರಹವನ್ನೂ ಆಕೆ ಬಿಸಿನೀರಿನಲ್ಲೇ ತೊಳೆಯುತ್ತಿದ್ದಳು. ಹೈಸ್ಕೂಲಿನ ಆರೋಗ್ಯಶಾಸ್ತ್ರದ ಪುಸ್ತಕದಲ್ಲಿ ಕ್ರಿಮಿಗಳ ಚಿತ್ರ ನೋಡಿದ್ದಳು. ಜೊತೆಯ ಹುಡುಗಿಯರು ಪರೀಕ್ಷೆ ಮುಗಿದ ದಿನವೇ ಆ ಕ್ರಿಮಿಗಳನ್ನು ಮರೆತುಬಿಟ್ಟರು. ರಮಾಮಣಿ ಮಾತ್ರ ಮದುವೆಯಾಗಿ ಬರುವಾಗ ಅವನ್ನೂ ಜೊತೆಗೆ ಕರೆತಂದಳು.

ಮಗ ರಾಮು ಹುಟ್ಟಿದ ಮೇಲಂತೂ ಬಚ್ಚಲುಮನೆಯ ಹಂಡೆ ಆರಿದ್ದೇ ಇಲ್ಲ. ಒಳಲೆ, ಚಮಚ, ಗಿಲಕಿ, ಲಂಗೋಟಿ, ಎಲ್ಲವೂ ಅದರಲ್ಲಿ ಮುಳುಗಿ ಏಳಬೇಕು. ಚನ್ನಪಟ್ಟಣದಿಂದ ತರಿಸಿದ್ದ ಮರದ ಆನೆ ಮೂರು ಸಲ ಕುದಿದು ಬಣ್ಣವನ್ನೂ ಒಂದು ಕಿವಿಯನ್ನೂ ಕಳೆದುಕೊಂಡಿತ್ತು. ಹತ್ತು ತಿಂಗಳ ರಾಮು ಅದನ್ನು ನಾಯಿ ಎಂದು ತಿಳಿದಿದ್ದ.

ಅರವತ್ತೆಂಟನೆಯ ಇಸವಿಯ ಬೇಸಿಗೆಯಲ್ಲಿ ಈ ಮನೆಗೆ ಒಂದು ಸಂಕಟ ಬಂತು. ಗಂಡ ಗುರುರಾಜ ಕೃಷ್ಣರಾಜಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಗುಮಾಸ್ತ. ಕೆಲಸ ಖಾಯಂ ಆಗುವ ಮೊದಲು ಡಾಕ್ಟರ ಪರೀಕ್ಷೆ. ಕಣ್ಣು ಸರಿ, ಹಲ್ಲು ಸರಿ, ತೂಕವೂ ಹೇಗೋ ಸರಿ. ಎದೆ ಮಾತ್ರ ಕೈಕೊಟ್ಟಿತು. ಉಸಿರು ತುಂಬಿ ಎಳೆದಾಗ ಮೂವತ್ತೆರಡು ಅಂಗುಲ ಇರಬೇಕಂತೆ. ಗುರುರಾಜನದು ಮೂವತ್ತೂ ಮುಕ್ಕಾಲು. ಮೂರು ತಿಂಗಳು ಬಿಟ್ಟು ಬನ್ನಿ, ಆಗಲೂ ಆಗದಿದ್ದರೆ ಬೇರೆ ಕೆಲಸ ನೋಡಿಕೊಳ್ಳಿ ಎಂದು ಹೇಳಿ ಕಳಿಸಿದರು.

ಗುಮಾಸ್ತನಿಗೆ ಎದೆ ಯಾಕೆ ಬೇಕು ಎಂದು ರಮಾಮಣಿ ಕೇಳಿದಳು. ಫೈಲು ಅಪ್ಪಿಕೊಳ್ಳುವುದಕ್ಕೆ ಇರಬಹುದು ಎಂದ ಗುರುರಾಜ. ಅವನಿಗೆ ತಮಾಷೆ. ಆಕೆ ಆಗಲೇ ಕೆಲಸ ಹೋದ ಹಾಗೆ, ರಾಮುವನ್ನು ಎತ್ತಿಕೊಂಡು ತವರಿನ ಬಾಗಿಲಲ್ಲಿ ನಿಂತ ಹಾಗೆ, ಅತ್ತಿಗೆ ಬಾಗಿಲು ತೆಗೆಯುವ ಮೊದಲು ನಿಟ್ಟುಸಿರು ಬಿಟ್ಟ ಹಾಗೆ ಎಲ್ಲವನ್ನೂ ಕಂಡಾಗಿತ್ತು.

ಗುರುರಾಜನ ಆಸೆ ಗರಡಿಗೆ ಸೇರುವುದು. ಎರಡು ಬೀದಿಯಾಚೆ ಚಿಕ್ಕವೆಂಕಟಪ್ಪ ಪೈಲ್ವಾನರ ಗರಡಿಯಿತ್ತು. ಹೆಂಗಸರು ಅದರ ಹೊಸ್ತಿಲು ದಾಟುವಂತಿಲ್ಲ. ರಮಾಮಣಿ ತರಕಾರಿ ತರುವ ನೆಪದಲ್ಲಿ ಹೋಗಿ, ಬಾಗಿಲ ಸಂದಿಯಿಂದ ಎರಡು ನಿಮಿಷ ನೋಡಿ ಬಂದಳು. ಒಳಗೆ ಇಬ್ಬರು ಸೇರಿ ಮೂರನೆಯವನನ್ನು ಹಾಸಿಗೆ ಸುತ್ತಿದ ಹಾಗೆ ಸುತ್ತುತ್ತಿದ್ದರು. ಅದನ್ನಾದರೂ ತಡೆದುಕೊಳ್ಳುತ್ತಿದ್ದಳೋ ಏನೋ. ಆದರೆ ಅಷ್ಟು ಜನ ಬೆವರಿಳಿಸಿಕೊಂಡು ಒಂದೇ ಕೆಮ್ಮಣ್ಣಿನಲ್ಲಿ ಹೊರಳುತ್ತಿದ್ದರು. ಆ ಮಣ್ಣನ್ನು ಯಾರೂ ಎಂದೂ ಕುದಿಸಿದಂತೆ ಕಾಣಲಿಲ್ಲ.

"ಗರಡಿ ಬೇಡ. ಮನೇಲೇ ಮಾಡಿ, ನಾನ್ ಮಾಡಿಸ್ತೀನಿ," ಎಂದಳು. "ಸ್ಕೂಲಲ್ಲಿ ನಾನೇ ಡ್ರಿಲ್ ಲೀಡರ್ ಆಗಿದ್ದೆ."

"ಅದು ಹುಡುಗೀರ ಡ್ರಿಲ್ಲು ಕಣೆ."

"ಉಸಿರಿಗೇನು ಹುಡುಗ ಹುಡುಗಿ ಅಂತ ಇರತ್ತಾ?"

ಗುರುರಾಜ ಮೂರು ದಿನ ವಾದ ಮಾಡಿದ. ಗರಡಿಗೆ ಹೋದವರು ಯಾರೂ ಸತ್ತಿಲ್ಲ ಎಂದ. ಸತ್ತವರು ಬಂದು ಹೇಳುವುದಿಲ್ಲ ಎಂದಳು ಅವಳು. ನಾಲ್ಕನೆಯ ದಿನ ಬೆಳಿಗ್ಗೆ ಆರಕ್ಕೆ ನಡುಮನೆಯ ಚಾಪೆ ಸುತ್ತಿಟ್ಟು ಮನೆಯ ಗರಡಿ ಶುರುವಾಯಿತು. ಒಂದ್, ಎರಡ್, ಮೂರ್ ಎಂದು ರಮಾಮಣಿ ಎಣಿಸುವುದು, ಗುರುರಾಜ ಕೈ ಚಾಚಿ ಮಡಿಸುವುದು. ಆಮೇಲೆ ರುಬ್ಬುಗುಂಡನ್ನು ಇಪ್ಪತ್ತು ಸಲ ಎತ್ತಿಳಿಸುವುದು. ಅದು ಕಾಲ ಮೇಲೆ ಬಿದ್ದೀತೆಂದು ಕೆಳಗೆ ಎರಡು ದಿಂಬು. ಕೊನೆಯಲ್ಲಿ ರಾಮುವನ್ನು ತಲೆಯ ಮೇಲೆ ಮೂವತ್ತು ಸಲ. ಒಂದು ವಾರದಲ್ಲಿ ರಾಮು ಈ ವ್ಯವಸ್ಥೆಗೆ ಎಷ್ಟು ಒಗ್ಗಿಹೋದನೆಂದರೆ, ಇಪ್ಪತ್ತೆಂಟಕ್ಕೆ ನಿಲ್ಲಿಸಿದರೆ ವಠಾರಕ್ಕೇ ಕೇಳುವಂತೆ ಅಳುತ್ತಿದ್ದ. ಎಲ್ಲರಿಗೂ ಶೀತವಾದೀತೆಂದು ಕಿಟಕಿಗಳನ್ನು ಮುಚ್ಚಿಯೇ ಇದೆಲ್ಲ ನಡೆಯುತ್ತಿತ್ತು.

ಪ್ರತಿ ಬುಧವಾರ ಮತ್ತು ಭಾನುವಾರ ಎದೆ ಅಳೆಯುವ ದಿನ. ಓಣಿಯ ಹೆಂಗಸರಿಗೆ ರವಿಕೆ ಹೊಲಿದು ಕೊಡುತ್ತಿದ್ದ ರಮಾಮಣಿಯ ಬಳಿ ಬಟ್ಟೆಯ ಟೇಪು ಇತ್ತು. ಅದೇ ಟೇಪಿನಿಂದ ರಾಮುವಿನ ಉದ್ದವನ್ನೂ ಅಳೆಯಬೇಕು. ಬೆವರಿದ ಎದೆಗೆ ಸುತ್ತಿದ್ದನ್ನು ಹಾಗೇ ಮಗುವಿಗೆ ಮುಟ್ಟಿಸುವುದುಂಟೆ? ಪ್ರತಿ ಸಲವೂ ಟೇಪನ್ನು ಸೋಡಾಪುಡಿ ಹಾಕಿ ಹಂಡೆಯಲ್ಲಿ ಕುದಿಸಿ, ಹಿಂಡಿ, ಬಿಸಿಲಿಗೆ ಹಾಕುತ್ತಿದ್ದಳು.

ಎದೆ ಬೆಳೆಯತೊಡಗಿತು. ಮೂರನೆಯ ವಾರ ಮೂವತ್ತೊಂದು ದಾಟಿತು. ಏಳನೆಯ ವಾರ ಮೂವತ್ತೊಂದೂವರೆ. ಹನ್ನೊಂದನೆಯ ವಾರ ಮೂವತ್ತೆರಡೂ ಕಾಲು. ಗುರುರಾಜನ ನಡಿಗೆಯೇ ಬದಲಾಯಿತು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತುವಾಗ ಮುಂದಿನವರನ್ನು ಎದೆಯಿಂದಲೇ ತಳ್ಳುತ್ತಿದ್ದನಂತೆ. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವುದನ್ನೂ ಬಿಟ್ಟ.

ರಾಮುವೂ ಬೆಳೆದ. ಒಂದು ತಿಂಗಳಲ್ಲಿ ಒಂದೂವರೆ ಅಂಗುಲ! ರಮಾಮಣಿಗೆ ಮೊದಲು ಸಂತೋಷವಾಯಿತು, ಸಂಜೆಯ ಹೊತ್ತಿಗೆ ಚಿಂತೆಯಾಯಿತು. ಹೀಗೇ ಬೆಳೆದರೆ ಮದುವೆ ವಯಸ್ಸಿಗೆ ಬಾಗಿಲಲ್ಲಿ ಹೇಗೆ ನುಗ್ಗುತ್ತಾನೆ? ಆ ದಿನದಿಂದ ಅವನ ಗಂಜಿಗೆ ಅರ್ಧ ಚಮಚ ತುಪ್ಪ ಕಡಿಮೆ ಮಾಡಿದಳು.

ಬೆಳೆದವರು ಅವರಿಬ್ಬರೇ ಅಲ್ಲ. ಎದುರುಮನೆಯ ಶಂಶುನ್ನೀಸಾ ಹೊಸ ರವಿಕೆ ಹಿಡಿದುಕೊಂಡು ಬಂದಳು. ಐವತ್ತು ದಾಟಿದ ದೊಡ್ಡ ಹೆಂಗಸು, ರಮಾಮಣಿಗೆ ಬಾಣಂತನದಲ್ಲಿ ಸೋಂಪಿನ ಕಷಾಯ ಮಾಡಿಕೊಟ್ಟವಳು. ರಮಾಮಣಿ ಹೋದ ವರ್ಷ ಬರೆದಿಟ್ಟಿದ್ದ ಅಳತೆಗೇ ಹೊಲಿದಿದ್ದರೂ ಹೊಸದರಲ್ಲಿ ಕೈ ಎತ್ತುವುದಕ್ಕೇ ಆಗುತ್ತಿರಲಿಲ್ಲ.

"ನಿಜ ಹೇಳು ಬೇಟಿ, ನಾನು ಅಷ್ಟು ಮೋಟಿ ಆಗ್ಬಿಟ್ನಾ?"

ರಮಾಮಣಿ ಟೇಪು ಸುತ್ತಿ ನೋಡಿದಳು. ಸುಳ್ಳು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. "ಒಂದೂವರೆ ಇಂಚು ಜಾಸ್ತಿ ಆಗಿದೆ ಶಂಶುಮ್ಮ. ಮನೇಲೇ ವ್ಯಾಯಾಮ ಮಾಡಿ. ನಮ್ಮನೇಲಿ ನೋಡಿ, ಎಷ್ಟು ಗುಣ ಕಾಣ್ತಿದೆ."

ಅವರಿಗೆ ಬೆಳೆಯೋಕೆ ಅಂತ ಮಾಡಿಸ್ತೀಯ, ನನಗೆ ಇಳಿಯೋಕೆ ಅಂತ ಹೇಳ್ತೀಯ, ಒಂದೇ ಔಷಧಿನಾ ಎಂದು ಶಂಶುನ್ನೀಸಾ ಗೊಣಗಿದಳು. ಆದರೂ ಮಾರನೆಯ ದಿನದಿಂದ ಹಗ್ಗ ಹಿಡಿದು ಹಿತ್ತಲಲ್ಲಿ ಜಿಗಿಯತೊಡಗಿದಳು. ವಠಾರದ ಉಳಿದ ಮೂರು ಮನೆಯವರ ರವಿಕೆಗಳೂ ಬಿಗಿಯಾಗಿದ್ದವು. ಒಬ್ಬಾಕೆ ರಾತ್ರಿಯ ಊಟ ಬಿಟ್ಟಳು, ಒಬ್ಬಾಕೆ ಹಾಲಿನವನ ಮೇಲೆ ಅನುಮಾನಪಟ್ಟಳು. ಇಡೀ ಓಣಿ ದಪ್ಪವಾಗುತ್ತಿದೆಯೆಂಬ ಸುದ್ದಿ ಮಾರುಕಟ್ಟೆಯವರೆಗೂ ಹೋಯಿತು.

ಪರೀಕ್ಷೆಗೆ ಇನ್ನು ಒಂಬತ್ತು ದಿನ. ಗುರುರಾಜ ಆ ದಿನ ತೊಡುವುದಕ್ಕೆ ಹೊಸ ಅಂಗಿ ಹೊಲಿಯೋಣವೆಂದು ರಮಾಮಣಿ ಶಿವಾಜಿನಗರದ ಅಹ್ಮದ್ ಪಾಷಾ ಸಾಹೇಬರ ಅಂಗಡಿಯಿಂದ ಎರಡು ಗಜ ಬಟ್ಟೆ ತಂದಿದ್ದಳು. ಕತ್ತರಿಸುವ ಮುಂಚೆ ಅಳೆದರೆ ಮೂರು ಅಂಗುಲ ಹೆಚ್ಚು! ಪಾಪ, ವಯಸ್ಸಾದವರು, ಕಣ್ಣು ಮಂಜಾಗಿರಬೇಕು. ಹೀಗೆ ಎಲ್ಲರಿಗೂ ಕೊಟ್ಟರೆ ಅಂಗಡಿ ಮುಳುಗುವುದಿಲ್ಲವೇ? ಅವಳಿಗೆ ಆ ಅಂಗಡಿಯ ಚಿಂತೆಯೂ ಹತ್ತಿಕೊಂಡಿತು. ರಾಮುವನ್ನು ಸೊಂಟದ ಮೇಲಿಟ್ಟುಕೊಂಡು, ಬಟ್ಟೆಯನ್ನೂ ಟೇಪನ್ನೂ ಚೀಲದಲ್ಲಿ ಹಾಕಿಕೊಂಡು ಮತ್ತೆ ಬಸ್ಸು ಹತ್ತಿದಳು.

ವಿಷಯ ಕೇಳಿ ಅಹ್ಮದ್ ಪಾಷಾ ಕನ್ನಡಕ ತೆಗೆದು ಅವಳನ್ನೇ ನೋಡಿದರು.

"ಅಮ್ಮಾ, ಕಮ್ಮಿ ಕೊಟ್ಟೆ ಅಂತ ಹೇಳೋರು ದಿನಾ ಬರ್ತಾರೆ. ಅವರಿಗೆ ಜವಾಬು ಇದೆ ನನ್ ಹತ್ರ. ಜಾಸ್ತಿ ಕೊಟ್ಟೆ ಅಂದ್ರೆ ನಾನೇನ್ ಹೇಳ್ಲಿ? ನಮ್ಮ ಅಬ್ಬಾ ಕಾಲದಿಂದ ಈ ಅಂಗಡೀಲಿ ಒಂದು ನೂಲು ಜಾಸ್ತಿ ಹೋಗಿಲ್ಲ."

ಅವರಿಗೆ ನಿಜವಾಗಿಯೂ ಅವಮಾನವಾಗಿತ್ತು. ಕಬ್ಬಿಣದ ಗಜಕಡ್ಡಿಯನ್ನು ತಂದು ಮೇಜಿನ ಮೇಲಿಟ್ಟು ಬಟ್ಟೆ ಅಳೆದು ತೋರಿಸಿದರು. ಸರಿಯಾಗಿ ಎರಡು ಗಜ. ಆಮೇಲೆ ಕಡ್ಡಿಯ ಪಕ್ಕದಲ್ಲಿ ರಮಾಮಣಿಯ ಟೇಪನ್ನು ಉದ್ದಕ್ಕೆ ಮಲಗಿಸಿದರು. ಕಡ್ಡಿ ಮೂವತ್ತಾರು ಅಂಗುಲಕ್ಕೆ ಮುಗಿದ ಕಡೆ ಟೇಪು ಮೂವತ್ತೇಳೂವರೆ ಎನ್ನುತ್ತಿತ್ತು.

"ಇದನ್ನ ಏನ್ ಮಾಡಿದ್ರಿ?"

"ತೊಳೆದೆ."

"ತೊಳೆದ್ರೆ ಹಿಂಗಾಗಲ್ಲ."

"ಕುದಿಸಿ ತೊಳೆದೆ. ವಾರಕ್ಕೆರಡು ಸಲ."

ಅಹ್ಮದ್ ಪಾಷಾ ಕನ್ನಡಕ ಹಾಕಿಕೊಂಡು ಟೇಪನ್ನು ಇನ್ನೊಮ್ಮೆ ನೋಡಿದರು. ರಮಾಮಣಿ ಒಂದೊಂದನ್ನೇ ಲೆಕ್ಕ ಹಾಕಿದಳು. ಎದೆ ಬೆಳೆದಿರಲಿಲ್ಲ, ಅಂಗುಲ ಕುಗ್ಗಿತ್ತು. ರಾಮು ಸಾಮಾನ್ಯ ಮಗು. ಶಂಶುನ್ನೀಸಾ ಸುಮ್ಮನೆ ಜಿಗಿಯುತ್ತಿದ್ದಾಳೆ. ಗುರುರಾಜನ ಎದೆಯನ್ನು ಮನಸ್ಸಿನಲ್ಲೇ ಕಬ್ಬಿಣದ ಕಡ್ಡಿಗೆ ಹಿಡಿದು ನೋಡಿದರೆ ಮೂವತ್ತೊಂದಕ್ಕೂ ಕೂದಲೆಳೆ ಕಡಿಮೆ. ಅವಳ ಮುಖ ನೋಡಿದ ಅಹ್ಮದ್ ಪಾಷಾ ಬೇರೇನೂ ಕೇಳದೆ ಒಂದು ಹೊಸ ಟೇಪು ತೆಗೆದುಕೊಟ್ಟರು. ನೀರು ತೋರಿಸಬೇಡಿ ಎಂದಷ್ಟೇ ಹೇಳಿದರು.

ಸಂಜೆ ಗುರುರಾಜ ಎದೆ ಮುಂದಿಟ್ಟುಕೊಂಡು ಮನೆಗೆ ಬಂದ. ಅವಳು ಎಲ್ಲವನ್ನೂ ಹೇಳಿದಳು. ಅವನು ನಿಂತಲ್ಲೇ ಕುಗ್ಗಿ, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ಕೂತ. ನಾನು ಮೊದಲೇ ಗರಡಿ ಅಂದಿರಲಿಲ್ಲವಾ ಎಂಬ ಮಾತಿಗೆ ರಮಾಮಣಿ ಕಾದಳು. ಅವನು ಆಡಲಿಲ್ಲ. ಆಡಿದ್ದರೆ ಅಳುವುದಕ್ಕಾದರೂ ಒಂದು ಕಾರಣ ಸಿಗುತ್ತಿತ್ತು. "ಏಳಿ, ಗರಡಿಗೆ ಹೋಗೋಣ," ಎಂದು ತಾನೇ ಹೊರಟಳು.

ಹೊಸ್ತಿಲ ಹೊರಗೆ ರಾಮುವನ್ನು ಎತ್ತಿಕೊಂಡು ಅವಳು, ಒಳಗೆ ಅಂಗಿ ಬಿಚ್ಚಿ ಗುರುರಾಜ. ಬಿಳಿ ಮೀಸೆಯ ಚಿಕ್ಕವೆಂಕಟಪ್ಪ ಕಥೆಯನ್ನೆಲ್ಲ ಕೇಳಿ, "ಒಂಬತ್ ದಿನಕ್ಕೆ ಎದೆ ಮಾಡಿಕೊಡೋಕೆ ನಾನೇನು ಕುಂಬಾರನಾ ತಾಯಿ?" ಎಂದರು. ಆದರೂ ಉಸಿರು ಎಳೆದು ತೋರಿಸು ಎಂದರು. ಗುರುರಾಜ ಎಳೆದ. ಭುಜಗಳು ಕಿವಿಗೆ ತಾಗಿದವು. ಎದೆ ಇದ್ದಲ್ಲೇ ಇತ್ತು.

"ಇವನು ಉಸಿರೇ ಬಿಡಲ್ಲವಲ್ಲ ತಾಯಿ. ಹಳೇದನ್ನ ಒಳಗಿಟ್ಕೊಂಡೇ ಹೊಸದು ಎಳೀತಾನೆ. ಎಲ್ಲಿ ಕಲಿತ?"

"ಮನೇಲಿ. ಕಿಟಕಿ ಮುಚ್ಕೊಂಡು," ಎಂದಳು ಮೆಲ್ಲಗೆ.

ಚಿಕ್ಕವೆಂಕಟಪ್ಪ ಮೀಸೆ ತಿರುವಿ ಯೋಚಿಸಿದರು. ಗರಡಿಗೆ ಹೊಸದಾಗಿ ಸೇರಿದವನು ಮೊದಲ ತಿಂಗಳು ಮಣ್ಣು ಅಗೆಯುವುದೇ ಕೆಲಸ, ಒಂಬತ್ತು ದಿನದಲ್ಲಿ ಗುದ್ದಲಿ ಹಿಡಿಯುವುದಷ್ಟೇ ಕಲಿತಾನು ಎಂದರು. ಆಮೇಲೆ ಬಾಗಿಲ ಕಡೆ ತಿರುಗಿ, "ಮನೇಲಿ ಊದುಗೊಳವೆ ಐತಾ?" ಎಂದು ಕೇಳಿದರು.

ಅವಳ ಮನೆಯಲ್ಲಿ ಊದುಗೊಳವೆ ಇಲ್ಲದೆ ಇರುತ್ತದೆಯೇ?

"ಹಂಗಾದ್ರೆ ಬೆಳಿಗ್ಗೆ ಒಂದ್ ಹಂಡೆ, ಸಾಯಂಕಾಲ ಒಂದ್ ಹಂಡೆ ನೀರು ಇವನೇ ಕಾಯಿಸ್ಲಿ. ಬೆನ್ನು ನೆಟ್ಟಗಿರ್ಬೇಕು. ಪೂರ್ತಿ ಊದಿ ಖಾಲಿ ಆಗ್ಬೇಕು, ಆಮೇಲೆ ಎಳೀಬೇಕು. ಕಿಟಕಿ ತೆಗೆದಿರು ತಾಯಿ. ಕೆಲಸ ಖಾಯಂ ಆದ್ರೆ ಆಮೇಲೆ ಗರಡಿಗೆ ಕಳಿಸು, ಮಣ್ಣು ಅಗೀಲಿ."

ಒಂಬತ್ತು ದಿನ ಗುರುರಾಜ ಬಚ್ಚಲೊಲೆಯ ಮುಂದೆ ಕೂತು ಊದಿದ. ಮೊದಲ ದಿನ ಬೂದಿಯೆಲ್ಲ ಅವನ ಮುಖಕ್ಕೇ ಬಂತು. ನಾಲ್ಕನೆಯ ದಿನ ಒಂದೇ ಉಸಿರಿಗೆ ಕೆಂಡ ಅರಳಿತು. ಕಿಟಕಿ ತೆರೆದಿತ್ತು. ರಮಾಮಣಿ ರಾಮುವಿಗೆ ಎರಡು ಕುಲಾವಿ ಹಾಕಿ ಸುಮ್ಮನಿದ್ದಳು. ಇಷ್ಟೊಂದು ಬಿಸಿನೀರು ವ್ಯರ್ಥವಾಗಬಾರದೆಂದು ಚಾಪೆ, ಛತ್ರಿ, ಕ್ಯಾಲೆಂಡರಿನ ತಗಡು, ಎಲ್ಲವನ್ನೂ ಅದ್ದಿ ತೆಗೆದಳು. ಹೊಸ ಟೇಪನ್ನು ಮಾತ್ರ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಶಂಶುನ್ನೀಸಾಗೆ ಕೊಟ್ಟಳು. ಅವಳಿಗೆ ತನ್ನ ಮೇಲೇ ನಂಬಿಕೆಯಿರಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನವೇ ಗುರುರಾಜ ಮನೆಗೆ ಬಂದ. ಮೂವತ್ತೆರಡು. ಡಾಕ್ಟರು ಎರಡು ಸಲ ನೋಡಿ ಬರೆದುಕೊಂಡರಂತೆ. ಕೆಲಸ ಖಾಯಂ.

ರಮಾಮಣಿ ದೇವರಿಗೆ ದೀಪ ಹಚ್ಚಿ ಬಂದು ಕೂತಳು. ಒಂದು ನಿಮಿಷವೂ ಆಗಿರಲಿಲ್ಲ.

"ಅವರ ಟೇಪು ಯಾವುದು? ಬಟ್ಟೇದಾ?"

"ಬಟ್ಟೇದೇ."

"ಯಾರು ತೊಳೀತಾರೆ ಅದನ್ನ?"

ರಮಾಮಣಿಯ ತಲೆ ಓಡತೊಡಗಿತು. ಆಸ್ಪತ್ರೆಯವರು ಶುಚಿಯಾದ ಜನ. ಅವರೂ ಕುದಿಸಿದ್ದರೆ? ಕುಗ್ಗಿದ ಟೇಪಿನಲ್ಲಿ ಸಿಕ್ಕ ಕೆಲಸ ಉಳಿಯುವುದೇ? ಹೋಗಿ ಹೇಳಿಬಿಡಬೇಕಲ್ಲವೇ? ಅಂಗಡಿಗೆ ಬಟ್ಟೆ ಹಿಂತಿರುಗಿಸಲು ಹೊರಟವಳು ಇದನ್ನೂ ಹಿಂತಿರುಗಿಸಲು ಹೊರಟಾಳೆಂದು ಗುರುರಾಜನೇ ಎದುರುಮನೆಗೆ ಓಡಿಹೋಗಿ ಬೀಗದ ಕೈ ತಂದ. ಹೊಸ ಟೇಪು ಹೊರಗೆ ಬಂತು. ಗುರುರಾಜ ಉಸಿರು ಪೂರ್ತಿ ಬಿಟ್ಟು, ಬೆನ್ನು ನೆಟ್ಟಗೆ ಮಾಡಿ ಎಳೆದ. ಅವಳು ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಮೂವತ್ತೊಂದೂ ಮುಕ್ಕಾಲು. ಇನ್ನ ಕಾಲಂಗುಲ ಎಲ್ಲಿ?"

"ಅಲ್ಲಿ ಭಯ ಇತ್ತು ಕಣೆ," ಎಂದ ಗುರುರಾಜ. "ಭಯಕ್ಕೆ ಇನ್ನೊಂದ್ ಸ್ವಲ್ಪ ಹೆಚ್ಚಿಗೇ ಎಳ್ಕೊಂಡೆ."

ರಮಾಮಣಿ ಇದನ್ನು ಕೂಡಲೇ ನಂಬಿದಳು. ಭಯಕ್ಕೆ ಎಷ್ಟು ಉಸಿರು ಹಿಡಿಯುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಟೇಪನ್ನು ಸುತ್ತಿಟ್ಟಳು.

ಮುಂದಿನ ವಾರ ಓಣಿಯ ರವಿಕೆಗಳನ್ನೆಲ್ಲ ಬಿಚ್ಚಿ, ಒಳಗೆ ಮಡಿಸಿಟ್ಟಿದ್ದ ಬಟ್ಟೆ ಬಿಟ್ಟು ಒಂದೂವರೆ ಅಂಗುಲ ಸಡಿಲ ಮಾಡಿಕೊಟ್ಟಳು. ಎರಡು ದಿನ ಬಿಟ್ಟು ಶಂಶುನ್ನೀಸಾ ಮತ್ತೆ ಬಂದಳು. ತಿಂಗಳಿಡೀ ಜಿಗಿದ ಮೈಮೇಲೆ ರವಿಕೆ ಜೋಳಿಗೆಯಂತೆ ನೇತಾಡುತ್ತಿತ್ತು. ಗುರುರಾಜ ಆ ಹೊತ್ತಿಗೆ ಗರಡಿಯಿಂದ ಕಾಲು ತುಂಬ ಕೆಮ್ಮಣ್ಣು ಮಾಡಿಕೊಂಡು ಬಂದು, ಒಳಗೆ ಬರಲು ಅಪ್ಪಣೆಯಿಲ್ಲದೆ, ಹಿತ್ತಲ ಬಾಗಿಲಲ್ಲಿ ನಿಂತು ಬಚ್ಚಲೊಲೆ ಊದುವುದಕ್ಕೆ ಊದುಗೊಳವೆ ಕೇಳುತ್ತಿದ್ದ.