ಬೆಕ್ಕಿನ ಚಿತ್ರವಿದ್ದ ಪೆಟ್ಟಿಗೆ

ಬಿಟಿಎಂ ಎರಡನೇ ಹಂತದಲ್ಲಿ ನಾನಿದ್ದ ಮನೆಗೆ ಎರಡು ನಿಯಮಗಳಿದ್ದವು. ಬಾಡಿಗೆಗೆ ಕೊಟ್ಟ ದಿನವೇ ಮನೆಯ ಒಡತಿ ಮೆಟ್ಟಿಲ ಬಳಿ ನಿಂತು ಹೇಳಿದ್ದರು: "ಮಾಂಸ, ಮೊಟ್ಟೆ ಒಳಗೆ ಬರೋ ಹಾಗಿಲ್ಲ. ನಾಯಿ, ಬೆಕ್ಕು ಸಾಕೋ ಹಾಗಿಲ್ಲ. ನೀನು ನಮ್ಮೋರ ಪೈಕಿ ಅಂತ ಕೊಡ್ತಿದೀನಿ ಕಣಮ್ಮ. ಇಲ್ದಿದ್ರೆ ಒಂಟಿ ಹುಡುಗೀರಿಗೆ ನಾವು ಮನೆ ಕೊಡಲ್ಲ."

ಗದಗದ ಕಡೆಯಿಂದ ಬಂದು ಇನ್ನೂ ವರ್ಷ ತುಂಬದ ನಾನು, "ಹೂಂರಿ ಆಂಟಿ, ಹಂಗೇನೂ ಆಗೂದಿಲ್ರಿ" ಎಂದಿದ್ದೆ. ಆಗ ಅದು ಸುಳ್ಳಾಗಿರಲಿಲ್ಲ.

ಬೆಕ್ಕು ಬಂದದ್ದು ಆಮೇಲೆ. ನಾನು ಹೊಸೂರು ರಸ್ತೆಯ ಒಂದು ಆಫೀಸಿನಲ್ಲಿ ಮೊಬೈಲ್ ಗ್ರಾಹಕರ ದೂರುಗಳಿಗೆ ಫೋನಿನಲ್ಲಿ ಉತ್ತರ ಕೊಡುವ ಕೆಲಸ ಮಾಡುತ್ತಿದ್ದೆ. ಒಂದು ಸಂಜೆ ನಮ್ಮನ್ನು ಮನೆಗೆ ಬಿಡುವ ಕ್ಯಾಬಿನ ಬಾನೆಟ್ಟಿನೊಳಗಿಂದ ಮರಿಯೊಂದು ಕೂಗುತ್ತಿತ್ತು. ಡ್ರೈವರು ಅದನ್ನು ಹೊರಗೆ ತೆಗೆದು ಒಬ್ಬೊಬ್ಬರಿಗೂ ತೋರಿಸಿದರು. ಯಾರೂ ಕೈ ಚಾಚಲಿಲ್ಲ. ನಾನು ದುಪಟ್ಟಾ ಒಡ್ಡಿದೆ. ಬೆಳಗಾದರೆ ಯಾರಿಗಾದರೂ ಕೊಟ್ಟುಬಿಡುವುದೆಂದೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳುತ್ತಲೇ ಒಂದೂವರೆ ವರ್ಷ ಕಳೆಯಿತು.

ಆ ಒಂದೂವರೆ ವರ್ಷ ಮನೆಯಲ್ಲಿ ನಾನು ನೆಟ್ಟಗೆ ಕೂತದ್ದೇ ನೆನಪಿಲ್ಲ. ಎದುರು ಬೀದಿಯಲ್ಲಿ ಕಟ್ಟುತ್ತಿದ್ದ ಮನೆಯ ಮುಂದಿನ ರಾಶಿಯಿಂದ ಟಿಫಿನ್ ಚೀಲದಲ್ಲಿ ಮರಳು ಕದ್ದು ತರುತ್ತಿದ್ದೆ. ಕೊಳೆಯಾದದ್ದನ್ನು ಅದೇ ಚೀಲದಲ್ಲಿ ಸಾಗಿಸುತ್ತಿದ್ದೆ. ಬೆಕ್ಕು ಕೂಗಿದರೆ ಕೆಮ್ಮುತ್ತಿದ್ದೆ. ಸೋಮವಾರ ಪೂಜೆ ಮುಗಿಸಿ ಆಂಟಿ ಪ್ರಸಾದದ ತಟ್ಟೆ ಹಿಡಿದು ಮೇಲೆ ಬಂದರೆ, ಬಾಗಿಲನ್ನು ಬೆನ್ನಿನಿಂದ ಒತ್ತಿ ಹಿಡಿದು, ಒಂದು ಗೇಣು ಸಂದಿಯಲ್ಲೇ ನಿಂತು ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಿದ್ದೆ. "ಯಾಕಮ್ಮ, ಯಾವಾಗಲೂ ಕೆಮ್ಮು? ಮೆಣಸಿನ ಕಷಾಯ ಮಾಡಿಕೊಡ್ಲಾ?" ಎನ್ನುತ್ತಿದ್ದರು. ಎರಡು ಸಲ ಮಾಡಿಯೂ ಕೊಟ್ಟರು. ಖಾರದ ಆ ಕಷಾಯವನ್ನು ಕುಡಿಯುವಾಗ ನನಗೆ ನಿಜವಾಗಿಯೂ ಕೆಮ್ಮು ಬರುತ್ತಿತ್ತು.

ಒಂದು ಸಲ ಬೆಕ್ಕು ಎರಡು ದಿನ ಊಟ ಬಿಟ್ಟು, ಮರಳಿನಲ್ಲಿ ಕೂತು ತಿಣುಕಿ, ಮೂತ್ರ ಬಾರದೆ ಎದ್ದು ಬರತೊಡಗಿತು. ತರಕಾರಿ ಬುಟ್ಟಿಯಲ್ಲಿ ಹಾಕಿ ಟವೆಲ್ ಮುಚ್ಚಿ, ಆಟೋದಲ್ಲಿ ಜಯನಗರದ ಪಶುವೈದ್ಯರ ಬಳಿಗೆ ಓಡಿದೆ. ಅವರು ಕೊಳವೆ ಹಾಕಿ ಮೂತ್ರ ತೆಗೆದರು. "ಗಂಡು ಬೆಕ್ಕಿಗೆ ಇದು ಬರುತ್ತಮ್ಮ. ಇನ್ನೊಂದು ದಿನ ಬಿಟ್ಟಿದ್ರೆ ಉಳೀತಿರ್ಲಿಲ್ಲ. ಹಾಲು ಅನ್ನ ನಿಲ್ಲಿಸಿ. ಇದಕ್ಕೇ ಅಂತ ಒಂದು ಆಹಾರ ಬರುತ್ತೆ, ಅದನ್ನ ಬಿಟ್ಟು ಬೇರೇನೂ ಕೊಡಬೇಡಿ" ಎಂದರು. ವಾರಕ್ಕಾಗುವಷ್ಟು ಒಂದು ಪೊಟ್ಟಣ ಕೊಟ್ಟರು. ಆ ಆಹಾರದಲ್ಲಿ ಮೀನಿತ್ತು. ಜಯನಗರದ ಅಂಗಡಿಗಳಲ್ಲಿ ಅದು ಸಿಗುತ್ತಿರಲಿಲ್ಲ. ಆಗಷ್ಟೇ ಇಂಟರ್ನೆಟ್ಟಿನಲ್ಲಿ ಸಾಕುಪ್ರಾಣಿಗಳ ಸಾಮಾನು ಮಾರಲು ಶುರುಮಾಡಿದ್ದ ಒಂದು ಕಂಪನಿಯ ವಿಳಾಸವನ್ನು ವೈದ್ಯರು ಚೀಟಿಯ ಹಿಂದೆ ಬರೆದುಕೊಟ್ಟರು.

ಸೈಬರ್ ಕೆಫೆಯಲ್ಲಿ ಕೂತು ಆರ್ಡರ್ ಮಾಡಿದೆ. ನಮ್ಮ ಆಫೀಸಿನ ಗೇಟಿನಲ್ಲಿ ಖಾಸಗಿ ಪಾರ್ಸೆಲ್ ತೆಗೆದುಕೊಳ್ಳುತ್ತಿರಲಿಲ್ಲ, ಹಾಗಾಗಿ ಮನೆಯ ವಿಳಾಸವನ್ನೇ ಕೊಡಬೇಕಾಯಿತು. ಕೊನೆಯಲ್ಲಿ ನಾವೇನಾದರೂ ಹೇಳುವುದಿದ್ದರೆ ಬರೆಯಲು ಒಂದು ಚೌಕವಿತ್ತು. ಮಂಗಳವಾರವೇ ತರಬೇಕು, ಬರುವ ಮೊದಲು ಫೋನ್ ಮಾಡಬೇಕು, ಪೆಟ್ಟಿಗೆಯ ಮೇಲೆ ಯಾವ ಚಿತ್ರವೂ ಇರಬಾರದು ಎಂದು ಬರೆದೆ. ಕೊನೆಯ ಮಾತನ್ನು ದೊಡ್ಡಕ್ಷರದಲ್ಲಿ ಇನ್ನೊಮ್ಮೆ ಬರೆದೆ.

ಮಂಗಳವಾರ ನನಗೆ ರಜೆ. ಬೆಳಗಿನಿಂದ ಕಿಟಕಿಗೂ ಮೆಟ್ಟಿಲಿಗೂ ಓಡಾಡಿದೆ. ಬೀದಿಯಲ್ಲಿ ಬೈಕು ನಿಧಾನವಾದರೆ ಸಾಕು, ಚಪ್ಪಲಿ ಹಾಕದೆ ಕೆಳಗಿಳಿಯುತ್ತಿದ್ದೆ. ಸ್ನಾನಕ್ಕೆ ಹೋಗುವಾಗಲೂ ಫೋನನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಳಗೆ ಒಯ್ದೆ. ಆಂಟಿ ಕೆಳಗಿನಿಂದ, "ಯಾರಾದ್ರೂ ಬರೋರಿದಾರಾ?" ಎಂದು ಕೇಳಿದರು. "ಇಲ್ರಿ, ಸುಮ್ನ" ಎಂದೆ. ಕತ್ತಲಾಗುವವರೆಗೂ ಯಾರೂ ಬರಲಿಲ್ಲ.

ಪಾರ್ಸೆಲ್ ಬಂದದ್ದು ಬುಧವಾರ, ನಾನು ಆಫೀಸಿನಲ್ಲಿದ್ದಾಗ. ಸಂಜೆ ಗೇಟು ತೆಗೆದರೆ ಎದುರಿಗೇ ಇತ್ತು. ಆಂಟಿ ಕೂತುಕೊಳ್ಳುವ ಕುರ್ಚಿಯ ಪಕ್ಕದಲ್ಲಿ ನನ್ನ ಮೊಣಕಾಲೆತ್ತರದ ಪೆಟ್ಟಿಗೆ. ಅದರ ನಾಲ್ಕೂ ಮೈಗೆ ಕಿತ್ತಳೆ ಬಣ್ಣದ ಬೆಕ್ಕಿನ ಮುಖ.

"ನಿನ್ನ ಹೆಸರಿಗೇ ಬಂದಿದೆ" ಎಂದರು ಆಂಟಿ. "ಸೈನ್ ಮಾಡಿ ಇಸ್ಕೊಂಡೆ. ಏನಮ್ಮ ಇದು, ಬೆಕ್ಕಿನ ಚಿತ್ರ?"

"ನನ್ನದಲ್ರಿ ಆಂಟಿ. ಆಫೀಸಿನ ಗೆಳತೀದು. ಆಕಿ ಮನ್ಯಾಗ ಬೆಕ್ಕದ."

"ಅವಳ ಮನೇಗೆ ತರಿಸ್ಕೊಳ್ಳೋಕೆ ಏನಂತೆ?"

"ಆಕಿ ಊರಾಗಿಲ್ರಿ."

ನನ್ನ ಬಾಯಿಂದ ಇಷ್ಟು ಸಲೀಸಾಗಿ ಸುಳ್ಳು ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಆಂಟಿ ಒಂದು ಕ್ಷಣ ನನ್ನನ್ನು ನೋಡಿ, "ಸರಿ ಬಿಡು, ಭಾರ ಇದೆ, ನಿಧಾನ ಎತ್ಕೋ" ಎಂದರು. ನಂಬಿದ್ದರು. ಅದೇ ನನಗೆ ಚುಚ್ಚಿತು.

ಮೇಲೆ ಬಂದು ಪೆಟ್ಟಿಗೆ ಬಿಚ್ಚಿದೆ. ಒಳಗಿದ್ದದ್ದು ನಾಯಿಮರಿಗಳ ಬಿಸ್ಕತ್ತು, ಜೊತೆಗೆ ಗೆಜ್ಜೆ ಕಟ್ಟಿದ ಒಂದು ಕೆಂಪು ಕೊರಳಪಟ್ಟಿ. ಬೆಕ್ಕು ಬಂದು ಮೂಸಿ, ಖಾಲಿ ಪೆಟ್ಟಿಗೆಯೊಳಗೆ ಹೋಗಿ ಕೂತಿತು. ನನಗೆ ಅಳು ಬಂತು. ವೈದ್ಯರು ಕೊಟ್ಟ ಪೊಟ್ಟಣ ಮುಗಿಯುತ್ತಾ ಬಂದಿತ್ತು. ಸರಿಯಾದ ಆಹಾರ ಬರಬೇಕೆಂದರೆ ದೂರು ಕೊಡಬೇಕು. ದೂರು ಕೊಟ್ಟರೆ ಇಂಥದೇ ಇನ್ನೊಂದು ಪೆಟ್ಟಿಗೆ ಆಂಟಿಯ ಕುರ್ಚಿಯ ಪಕ್ಕಕ್ಕೆ ಬರುತ್ತದೆ.

ಆದರೂ ಫೋನ್ ಮಾಡಿದೆ. ಆ ಕಡೆಯ ಹೆಣ್ಣುದನಿ ನನ್ನ ದೂರಿಗೆ ಒಂದು ನಂಬರು ಕೊಟ್ಟು, ನಮ್ಮ ತಂಡ ಪರಿಶೀಲಿಸುತ್ತಿದೆ, ಎರಡು ದಿನದಲ್ಲಿ ನಿಮ್ಮನ್ನು ಸಂಪರ್ಕಿಸುತ್ತೇವೆ ಎಂದಿತು. ಆ ವಾಕ್ಯವನ್ನು ನಾನು ದಿನಕ್ಕೆ ನೂರು ಸಲ ಬೇರೆಯವರಿಗೆ ಹೇಳುತ್ತಿದ್ದವಳು. ಇನ್ನೂ ಯಾರೂ ನೋಡಿಲ್ಲ, ನೋಡುವುದೂ ಇಲ್ಲ ಎಂಬುದೇ ಅದರ ಅರ್ಥವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮರುದಿನ ಊಟದ ವಿರಾಮದಲ್ಲಿ ಮತ್ತೆ ಮಾಡಿದೆ. ಅದೇ ದನಿ, ಅದೇ ನಂಬರು. ಸೀಟಿಗೆ ಬಂದು ಹೆಡ್‌ಫೋನ್ ಹಾಕಿಕೊಂಡರೆ ನನ್ನ ಕಿವಿಯಲ್ಲಿ ಯಾರೋ ಸಿಟ್ಟಿನಿಂದ ಕೂಗುತ್ತಿದ್ದರು. ಅವರು ಏನು ಹೇಳಿದರೆಂದು ಕೇಳಿಸಲೇ ಇಲ್ಲ. "ನಮ್ಮ ತಂಡ ಪರಿಶೀಲಿಸುತ್ತಿದೆ ಸಾರ್" ಎಂದುಬಿಟ್ಟೆ.

ಶುಕ್ರವಾರ ಬೆಳಿಗ್ಗೆ ಆಫೀಸಿಗೆ ಹೊರಟು ಬಸ್ ಸ್ಟಾಪಿನಿಂದ ಮೂರನೆಯ ಸಲ ಮಾಡಿದಾಗ ಫೋನೆತ್ತಿದ್ದು ಗಂಡಸು. ನಿದ್ದೆಗೆಟ್ಟ ದನಿ, ಆದರೆ ಮಾತು ಕನ್ನಡ.

"ಮೇಡಂ, ನಿಜ ಹೇಳ್ತೀನಿ. ತಂಡ ಅಂತೆಲ್ಲ ಇಲ್ಲ, ಇಲ್ಲಿ ನಾವು ಮೂರೇ ಜನ ಇರೋದು. ನಿಮ್ಮದು ಪ್ಯಾಕ್ ಮಾಡಿದ್ದು ನಾನೇ. ಎರಡು ಆರ್ಡರ್ ಅದಲುಬದಲು ಆಗಿದೆ. ಇವತ್ತೇ ಸರಿಯಾದ್ದು ಕಳಿಸ್ತೀನಿ."

"ಚಿತ್ರ ಇಲ್ಲದ ಡಬ್ಬ್ಯಾಗ ಕಳಸ್ರಿ."

"ಪ್ಲೇನ್ ಬಾಕ್ಸ್ ಇಲ್ಲ ಮೇಡಂ. ಎಲ್ಲ ಪ್ರಿಂಟ್ ಆಗಿಯೇ ಬಂದಿದೆ."

"ಒಳಗಿಂದು ಹೊರಗ ತಿರುವಿ ಅಂಟಸ್ರಿ. ಮ್ಯಾಲೆ ಪೇಪರ್ ಸುತ್ರಿ. ಏನರ ಮಾಡ್ರಿ."

"ಟ್ರೈ ಮಾಡ್ತೀನಿ. ಗ್ಯಾರಂಟಿ ಹೇಳಕ್ಕಾಗಲ್ಲ."

ಅಷ್ಟಕ್ಕೇ ನನಗೆ ಎಲ್ಲಿತ್ತೋ ಸಿಟ್ಟು. ನಮ್ಮ ಗ್ರಾಹಕರು ನನಗೆ ಬೈಯುತ್ತಿದ್ದ ಮಾತುಗಳೆಲ್ಲ ಸಾಲುಗಟ್ಟಿ ಬಂದವು. ನೀವು ಕಳ್ಳರು, ಮೋಸಗಾರರು, ಪೇಪರಿಗೆ ಬರೀತೀನಿ, ಕೋರ್ಟಿಗೆ ಹೋಗ್ತೀನಿ ಎಂದೆಲ್ಲ ಕೂಗಿದೆ. ಬಸ್ ಸ್ಟಾಪಿನಲ್ಲಿ ನಿಂತವರು ತಿರುಗಿ ನೋಡಿದರು. "ನಾ ದೊಡ್ಡಕ್ಷರದಾಗ ಬರದಿದ್ದೆ, ಓದಾಕ ಬರೂದಿಲ್ಲೇನು ನಿಮಗ? ನಿಮ್ಮಿಂದ ನನ್ನ ಮನಿ ಹೋಗ್ತದ!"

ಆ ಕಡೆಯವರು ಮೆತ್ತಗೆ ಕೇಳಿದರು: "ಬೆಕ್ಕಿರೋದು ಓನರ್‌ಗೆ ಹೇಳಿಲ್ವಾ ಮೇಡಂ ನೀವು?"

ನಾನು ಫೋನ್ ಕಟ್ ಮಾಡಿದೆ.

ಅಂದು ಇಡೀ ದಿನ ಕೈಗೆ ಕೆಲಸ ಹತ್ತಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಪಾರ್ಸೆಲ್ ಮತ್ತೆ ಆಂಟಿಯ ಕೈಗೆ ಹೋದರೆ ಎಂಬ ಭಯಕ್ಕೆ ಸಂಜೆ ನಾನೇ ಮತ್ತೆ ಫೋನ್ ಮಾಡಿ, "ಕಳಸಬ್ಯಾಡ್ರಿ, ನಾನ ಬಂದು ಒಯ್ತೀನಿ" ಎಂದೆ. ಅವರ ಗೋದಾಮು ಬೊಮ್ಮನಹಳ್ಳಿಯಲ್ಲಿತ್ತು, ನಮ್ಮ ಆಫೀಸಿನಿಂದ ಎರಡೇ ಸ್ಟಾಪ್.

ಶನಿವಾರ ಡ್ಯೂಟಿ ಮುಗಿಸಿ ಹೋದೆ. ಎರಡು ಗಾರ್ಮೆಂಟ್ಸ್ ಫ್ಯಾಕ್ಟರಿಗಳ ನಡುವೆ ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು. ಒಳಗೆ ಕಾದ ತಗಡಿನ ಮತ್ತು ಮೀನಿನ ವಾಸನೆ. ನಲವತ್ತರ ಆಸುಪಾಸಿನ ಒಬ್ಬರು ಎದ್ದು ಬಂದರು. ದನಿಯಿಂದಲೇ ಗುರುತು ಹತ್ತಿತು. ನಿನ್ನೆ ಅಷ್ಟು ಬೈದವಳು ಎದುರಿಗೆ ನಿಂತು ನೆಲ ನೋಡಿದೆ. ಅವರು ಅದರ ಸುದ್ದಿ ಎತ್ತಲಿಲ್ಲ. ಆಹಾರದ ಚೀಲ ತಂದು ಅದರ ಮೇಲಿನ ಬರಹವನ್ನು ನನಗೆ ತೋರಿಸಿ, ಇದೇ ತಾನೇ ಎಂದು ಎರಡು ಸಲ ಕೇಳಿದರು. ಆಮೇಲೆ, "ಪಕ್ಕದ ಫ್ಯಾಕ್ಟರಿಯಿಂದ ಒಂದು ಡಬ್ಬ ಕೇಳಿ ತಂದಿದೀನಿ. ಇದರಲ್ಲಿ ಯಾರಿಗೂ ಗೊತ್ತಾಗಲ್ಲ ಬಿಡಿ" ಎಂದು ಶರ್ಟಿನ ಚಿತ್ರವಿದ್ದ ಪೆಟ್ಟಿಗೆಯೊಳಗೆ ಅದನ್ನಿಟ್ಟು ಟೇಪು ಸುತ್ತಿದರು.

ಮನೆಗೆ ಬರುವಾಗ ಆಂಟಿ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಪೆಟ್ಟಿಗೆ ನೋಡಿ ಮುಖ ಅರಳಿಸಿದರು. "ಶರ್ಟಾ? ಊರಲ್ಲಿರೋ ತಮ್ಮಂಗಾ?"

ಹೂಂ ಎಂದರೆ ಮುಗಿಯುತ್ತಿತ್ತು. ಉತ್ತರವನ್ನೂ ಅವರೇ ಕೈಗಿಟ್ಟಿದ್ದರು. ನಾನು ಎರಡು ಮೆಟ್ಟಿಲು ಹತ್ತಿಯೂ ಬಿಟ್ಟೆ. ಆದರೆ ಇದಾದ ಮೇಲೆ ತಮ್ಮನಿಗೆ ಶರ್ಟು ಹಿಡಿಸಿತಾ ಎಂದು ಕೇಳುತ್ತಾರೆ, ಅದಕ್ಕೊಂದು ಸುಳ್ಳು ಹೇಳಬೇಕು, ಮುಂದಿನ ತಿಂಗಳು ಬರುವ ಪೆಟ್ಟಿಗೆಗೆ ಇನ್ನೊಂದು. ಕಾಲು ಮುಂದಕ್ಕೆ ಹೋಗಲಿಲ್ಲ. ತಿರುಗಿ ಇಳಿದು ಅವರೆದುರಿಗೆ ಕೂತೆ.

"ಆಂಟಿ, ಇದು ಶರ್ಟಲ್ರಿ. ಬೆಕ್ಕಿನ ಊಟ. ಮ್ಯಾಲಿನ ಮನ್ಯಾಗ ಬೆಕ್ಕದರಿ. ಒಂದೂವರಿ ವರ್ಷ ಆತು. ಈ ಊಟದಾಗ ಮೀನೂ ಅದರಿ."

ಅವರ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. "ಅವತ್ತಿನ ಪಾರ್ಸೆಲ್ಲು?"

"ನನ್ನದ ರೀ."

"ಗೆಳತಿ?"

"ಇಲ್ರಿ."

ಅವರು ಆ ಕಾಯಿಯನ್ನು ಬಿಡಿಸದೆಯೇ ಕೆಳಗಿಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಹೇಳಿದ್ದು ಇಷ್ಟೇ: "ನಮ್ಮೋಳು ಅಂತ ದೇವರ ಪ್ರಸಾದ ಹಿಡ್ಕೊಂಡು ಮೇಲೆ ಬರ್ತಿದ್ದೆ ನಾನು. ಬಾಗಿಲ ಹಿಂದೆ ಇದೆಲ್ಲ ಇಟ್ಕೊಂಡು ಕೈ ಚಾಚ್ತಿದ್ರಿ. ಮುಂದಿನ ತಿಂಗಳೊಳಗೆ ಬೇರೆ ಮನೆ ನೋಡ್ಕೊಳ್ಳಿ."

ಅಲ್ಲಿಯವರೆಗೂ ಅವರು ನನ್ನನ್ನು ನೀನು ಎಂದೇ ಕರೆದಿದ್ದರು. ಅಂದು ಆದ ನೀವು ಮತ್ತೆ ನೀನು ಆಗಲಿಲ್ಲ.

ಗಿರಿನಗರ, ಜೆಪಿ ನಗರ ಎಲ್ಲ ಕಡೆ ಅಲೆದೆ. ಗೇಟಿನಲ್ಲೇ ನಿಂತು, ಬೆಕ್ಕಿದೆ ಎಂದು ಮೊದಲು ಹೇಳಿ ಆಮೇಲೆ ಹೆಸರು ಹೇಳುತ್ತಿದ್ದೆ. ಏಳೆಂಟು ಮನೆಗಳವರು ಅಲ್ಲಿಂದಲೇ ಕಳಿಸಿದರು. ಪುಟ್ಟೇನಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು, "ಇಲಿ ಹಿಡಿಯುತ್ತೇನಮ್ಮ?" ಎಂದು ಕೇಳಿದರು. "ಇಲ್ರಿ ಸರ, ಇಲಿ ಕಂಡ್ರ ಹೆದರ್ತದ" ಎಂದೆ. ಅವರು ನಕ್ಕು ಕೀಲಿ ತಂದರು.

ಮನೆ ಬಿಡುವ ದಿನ ಸಾಮಾನೆಲ್ಲ ಟೆಂಪೋಗೆ ಏರಿದ ಮೇಲೆ ಬೆಕ್ಕನ್ನು ಬುಟ್ಟಿಯಲ್ಲಿ ಹಿಡಿದು ಕೆಳಗಿಳಿದೆ. ಈ ಸಲ ಟವೆಲ್ ಮುಚ್ಚಿರಲಿಲ್ಲ. ಆಂಟಿ ಬಾಗಿಲಲ್ಲಿ ನಿಂತಿದ್ದರು. ದೂರದಿಂದಲೇ ಬಗ್ಗಿ ನೋಡಿದರು.

"ಇಷ್ಟೇ ಇಷ್ಟು ಇದೆಯಾ?" ಎಂದರು.

"ಹೂಂರಿ."

ಅವರು ಒಳಗೆ ಹೋದರು. ನಾನು ಸ್ವಲ್ಪ ಹೊತ್ತು ಕಾದು ಗೇಟು ಎಳೆದುಕೊಂಡೆ.

ಪುಟ್ಟೇನಹಳ್ಳಿಗೆ ಬಂದ ನಾಲ್ಕನೆಯ ದಿನ ಗೋದಾಮಿನವರು ಫೋನ್ ಮಾಡಿದರು. "ನಿಮ್ಮ ಕಂಪ್ಲೇಂಟ್ ಇನ್ನೂ ಓಪನ್ ಇದೆ ಮೇಡಂ. ಕ್ಲೋಸ್ ಮಾಡ್ಲಾ? ಬೆಕ್ಕು ಹೇಗಿದೆ?"

"ಆರಾಮ ಅದರಿ. ಮಾಡ್ರಿ ಕ್ಲೋಸು."

"ಮನೆ?"

"ಮನಿ ಬಿಟ್ಟೆರಿ."

"ಅಯ್ಯೋ, ಸಾರಿ ಮೇಡಂ. ಆ ಬಾಕ್ಸಿಂದ..."

"ನಿಮ್ಮಿಂದ ಅಲ್ರಿ ಅದು" ಎಂದೆ. "ಅವತ್ತ ಹಂಗ ಅಂದದ್ದು ತಪ್ಪಾತು."

ಅವರು ಹೊಸ ವಿಳಾಸ ಕೇಳಿದರು. ಹೇಳಿದೆ. ಟೈಪು ಮಾಡುವುದನ್ನು ಮಧ್ಯೆ ನಿಲ್ಲಿಸಿ, ಪಾರ್ಸೆಲ್ಲಿಗೆ ಏನಾದರೂ ಸೂಚನೆ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಯಾವ ದಿನ ಬೇಕಾದರೂ ತನ್ನಿ ಎಂದೆ.