ನೂರರವರೆಗೆ ಇಳಿದ ಶ್ರೀಪಾದ ಕಾಕಾ

ಶ್ರೀಪಾದ ಕಾಕಾರಷ್ಟು ಅಚ್ಚುಕಟ್ಟಾಗಿ ಸೋಲುವವರನ್ನು ನಾನು ನೋಡಿಲ್ಲ. ಮಧ್ಯಾಹ್ನದ ಚಹಾ ಮುಗಿಸಿ, ಮೊಬೈಲನ್ನು ಅವಲಕ್ಕಿ ಡಬ್ಬಿಗೆ ಆನಿಸಿಟ್ಟು, ಯಾರೋ ಅಪರಿಚಿತರೊಡನೆ ಚದುರಂಗಕ್ಕೆ ಕೂರುತ್ತಿದ್ದರು. ಆಟವನ್ನು ಗೆಲುವಿನ ಅಂಚಿಗೆ ತಂದು ಮಂತ್ರಿಯನ್ನು ಎದುರಾಳಿಯ ಬಾಯಿಗೆ ಕೊಟ್ಟುಬಿಡುತ್ತಿದ್ದರು. ಪಿಂಪ್ರಿಯ ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಬಿಡಿಭಾಗಗಳ ಅಳತೆ ನೋಡಿದ ಮನುಷ್ಯ. "ಸೋಲೂದಕ್ಕೂ ಅಳತಿ ಇರಬೇಕ್ರಿ. ಹೆಚ್ಚೂ ಬ್ಯಾಡ, ಕಮ್ಮೀನೂ ಬ್ಯಾಡ," ಎನ್ನುತ್ತಿದ್ದರು.

ನಾನು ಮೈಸೂರಿನ ಕಡೆಯವನು. ಪಿಂಪ್ರಿಯ ಪಕ್ಕದ ನಿಗಡಿಯಲ್ಲಿ ಅವರ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದೆ. ನಾನು ಬಂದಾಗ ಕಾಕಾರ ರೇಟಿಂಗ್ ಹದಿನೇಳು ನೂರು. ಗೆದ್ದರೆ ಏರುವ, ಸೋತರೆ ಇಳಿಯುವ ಆ ಸಂಖ್ಯೆಯ ಬಗ್ಗೆ ಅವರಿಗೆ ಭಾರೀ ಅಭಿಮಾನ. ಉದ್ಯಾನದ ಮರಾಠಿ ಮುದುಕರೆಲ್ಲ "ಗುರೂಜಿ" ಎಂದು ಕರೆಯುತ್ತಿದ್ದರು. ವರ್ಷದೊಳಗೆ ಅದು ಆರುನೂರಕ್ಕೆ ಇಳಿಯಿತು. "ಕಾಯ್ ಗುರೂಜಿ, ಆಜ್ ಕಿತಿ ಹರಲಾತ್?" ಇವತ್ತೆಷ್ಟು ಸೋತಿರಿ ಎಂದು ಅದೇ ಮುದುಕರು ಕೆಣಕತೊಡಗಿದರು. ಕಾಕಾ ಉದ್ಯಾನಕ್ಕೆ ಹೋಗುವುದನ್ನೇ ಬಿಟ್ಟರು.

ಯಾಕೆ ಹೀಗೆ ಸೋಲುತ್ತೀರಿ ಎಂದು ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ. ಕಾಕಾ ಮೊಬೈಲನ್ನು ನನ್ನತ್ತ ತಿರುಗಿಸಿದರು. ಫೋಟೋ ಇಲ್ಲದ, ಬರೀ ಅಂಕಿಗಳ ಹೆಸರಿನ ಎದುರಾಳಿ.

"ಇವನ ಪ್ಯಾದಿ ನೋಡ್ರಿ. ಮೊದಲನೇ ಸಲನೂ ಒಂದ ಮನಿ ನಡಸ್ತಾನ, ಎರಡು ಮನಿ ಎಂದೂ ಇಲ್ಲ. ಸೋಲು ಬಂತಂದ್ರ ರಾಜನ್ನ ಮೂಲಿಗೆ ಇಟ್ಟು ಸುಮ್ಮನ ಕೂಡ್ತಾನ. ನಮ್ಮ ರಘಣ್ಣ ಹಿಂಗ ಆಡ್ತಿದ್ದ."

ರಘಣ್ಣ ಅವರ ಒಡಹುಟ್ಟಿದ ಅಣ್ಣ, ಬೆಳಗಾವಿಯ ಮನೆಯಲ್ಲಿ ಅವರಿಗೆ ಚದುರಂಗ ಕಲಿಸಿದವರು.

"ಅವರೀಗ ಎಲ್ಲಿದ್ದಾರೆ ಕಾಕಾ?"

"ಹೋಗಿ ಆರು ವರ್ಷ ಆತು. ನಾನ ಬೆಂಕಿ ಕೊಟ್ಟೇನಿ."

ಆ ಎದುರಾಳಿ ಸಂದೇಶಕ್ಕೆ ಉತ್ತರಿಸುತ್ತಿರಲಿಲ್ಲ, ಕರೆದರೆ ಆಟಕ್ಕೆ ಬರುತ್ತಿರಲಿಲ್ಲ. ಆ್ಯಪ್ ತಾನಾಗಿ ಜೋಡಿ ಹಾಕಿದರೆ ಮಾತ್ರ ಸಿಗುತ್ತಿದ್ದ. ಆ್ಯಪ್ ಜೋಡಿ ಹಾಕುವುದೋ, ರೇಟಿಂಗ್ ಹತ್ತಿರ ಇದ್ದವರನ್ನು. ಅವನದು ಇಳಿಯುತ್ತಲೇ ಇತ್ತು. ಅವನನ್ನು ಕಳೆದುಕೊಳ್ಳಬಾರದೆಂದು ಕಾಕಾ ಬೇಕೆಂದೇ ಸೋಲುತ್ತ ಹಿಂದೆಯೇ ಇಳಿಯುತ್ತಿದ್ದರು.

"ಹಳ್ಳಿ ಕಡೆ ತುಂಬಾ ಜನ ಕಾಲಾಳನ್ನ ಹೀಗೇ ನಡೆಸ್ತಾರೆ ಕಾಕಾ," ಎಂದೆ.

"ಇರಲಿ ಬಿಡ್ರಿ. ನನಗ ಅಂವ ಸಾಕು."

ನನಗೆ ಆ ಅಂಕಿಯವನ ಮೇಲೆ ಸಿಟ್ಟೇ ಬಂತು. ಮುಂದೊಮ್ಮೆ ಕೊರಿಯರ್‌ನವನು ಬಂದನೆಂದು ಕಾಕಾ ಬಾಗಿಲಿಗೆ ಹೋದಾಗ, ಯಾರೊಡನೆಯೋ ನಡೆದಿದ್ದ ಅವರ ಆಟವನ್ನು ನಾನೇ ಆಡಿ ಗೆದ್ದುಬಿಟ್ಟೆ. ರೇಟಿಂಗ್ ಏರಿತು. ನೋಡಿದವರೇ ಕಾಕಾ ಬಿಳಿಚಿಕೊಂಡರು. "ಏನ್ ಮಾಡಿದ್ರಿ ಇದು! ಅಂವ ಅಲ್ಲೆ ಒಬ್ಬನ ಆಗ್ತಾನಲ್ರಿ!" ಅವರ ಕಣ್ಣಲ್ಲಿ ನೀರಿತ್ತು. ಕೂತು ಎರಡು ಆಟ ಸೋತ ಮೇಲೆಯೇ ಊಟಕ್ಕೆ ಎದ್ದರು. ಅಂದು ನನಗಾದ ನಾಚಿಕೆ ಅಷ್ಟಿಷ್ಟಲ್ಲ.

ನಾವು ಕಡೆಯ ಸಲ ಮಾತಾಡಿದಾಗ ಅವರು ನೂರಕ್ಕೆ ಬಂದಿದ್ದರು. ಅವನೂ ನೂರರಲ್ಲಿದ್ದ.

"ಆ್ಯಪ್‌ನಲ್ಲಿ ಇದಕ್ಕಿಂತ ಕೆಳಗೆ ಇಲ್ಲ ಕಾಕಾ."

"ಛಲೋ ಆತು ಬಿಡ್ರಿ," ಎಂದು ನಿಟ್ಟುಸಿರು ಬಿಟ್ಟರು. "ಇನ್ನ ಅಂವ ಎಲ್ಲಿ ಹೋಗ್ತಾನ?"

ಅದಾದ ಮೂರನೆಯ ದಿನ ಮಧ್ಯಾಹ್ನ ಕುರ್ಚಿಯಲ್ಲೇ ಅವರ ಜೀವ ಹೋಗಿತ್ತು. ಎದುರಿಗೆ ಅವನೊಡನೆ ಶುರುವಾದ ಆಟ, ಕಾಕಾರ ಸರದಿ.

ಹದಿಮೂರನೆಯ ದಿನ ಕಳೆದ ಮೇಲೆ ಅವರ ಹೆಂಡತಿ ಕಾಕು ಮೊಬೈಲ್ ಕೊಟ್ಟು, "ಇದರಾಗಿಂದು ಆಟ ತಗದಬಿಡಪಾ," ಎಂದರು. ತೆಗೆಯುವ ಮೊದಲು, ಆ ಅಂಕಿಯವನ ಪುಟವನ್ನು ತೆರೆದೆ. ಆಡಿದ ಆಟಗಳೆಲ್ಲ ತಾರೀಖಿನ ಸಮೇತ ಅಲ್ಲಿದ್ದವು. ಕಾಕಾರ ಪುಟವನ್ನು ಪಕ್ಕಕ್ಕಿಟ್ಟು ಒಂದೊಂದೇ ತಾರೀಖು ಹೋಲಿಸುತ್ತ ಹೋದೆ.

ಮೊದಲು ಇಳಿದವರು ಕಾಕಾ. ಡೆಂಗ್ಯೂ ಜ್ವರ ಬಂದ ವಾರ ನಾಲ್ಕು ಆಟ ಸೋತಿದ್ದರು. ಮರುದಿನವೇ ಅವನೂ ನಾಲ್ಕು ಸೋತಿದ್ದ, ನಾಲ್ಕರಲ್ಲೂ ಮಂತ್ರಿಯನ್ನು ತಾನಾಗಿ ಕೊಟ್ಟು. ಆಮೇಲೆ ಪ್ರತಿ ಸಲವೂ ಹಾಗೆಯೇ: ಇವರು ಒಂದು ಮೆಟ್ಟಿಲು ಇಳಿದರೆ ಮರುದಿನ ಅವನೂ ಒಂದು. ನಾನು ಕಿಡಿಗೇಡಿತನದಿಂದ ಗೆದ್ದ ದಿನದ ಮರುದಿನ ಮಾತ್ರ ಅವನೂ ಒಂದು ಆಟ ಗೆದ್ದಿದ್ದ. ಆಮೇಲೆ ಎರಡು ಸೋತಿದ್ದ.

ಕಾಕಾ ಹೋದ ಮಧ್ಯಾಹ್ನದಿಂದ ಆ ಪುಟದಲ್ಲಿ ಒಂದು ಆಟವೂ ಇಲ್ಲ. ನಾನು ಅದನ್ನು ಮೊದಲೇ ತೆರೆದಿದ್ದರೆ, ಗೆಲ್ಲಿ ಕಾಕಾ, ನಿಮ್ಮಣ್ಣನೂ ನಿಮ್ಮ ಜೊತೆ ಮೇಲೆ ಬರ್ತಾರೆ ಎಂದು ಹೇಳುತ್ತಿದ್ದೆ.