ಲೋಕಸಭೆಯಲ್ಲಿ ಅಡುಗೆಯವನ ಸುದ್ದಿ

ನಿವೃತ್ತನಾದ ಮೇಲೆ ನನಗೆ ಹತ್ತಿದ ಚಟ ಒಂದೇ. ಅಧಿವೇಶನ ನಡೆಯುವ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಟೀವಿಯ ಮುಂದೆ ಕೂತು ಲೋಕಸಭೆಯ ಪ್ರಶ್ನೋತ್ತರ ನೋಡುವುದು. ನನ್ನ ಓರಗೆಯವರು ಕ್ರಿಕೆಟ್ ನೋಡುತ್ತಾರೆ, ಭಜನೆಗೆ ಹೋಗುತ್ತಾರೆ. ನನಗೆ ಮಂತ್ರಿಗಳೇ ಆಗಬೇಕು. ವಿಮಾ ಕಚೇರಿಯ ಕೌಂಟರಿನ ಹಿಂದೆ ಆಯುಷ್ಯ ಸವೆಸಿದವನು ನಾನು. ಉತ್ತರ ಕೊಡುವುದಕ್ಕೂ ಉತ್ತರ ಕೊಟ್ಟಂತೆ ಮಾಡುವುದಕ್ಕೂ ಇರುವ ವ್ಯತ್ಯಾಸ ನನಗೆ ಮುಖ ನೋಡಿದರೇ ತಿಳಿಯುತ್ತದೆ. ಎರಡನೆಯದನ್ನು ನಾನೂ ಸಾಕಷ್ಟು ಮಾಡಿದ್ದೇನೆ. ಮಂತ್ರಿ ಜಾರಿಕೊಂಡರೆ ಟೀವಿಗೆ ಬೈಯುತ್ತೇನೆ. ಮನೆಗೆ ಬಂದವರಿಗೆ ನನ್ನ ಹೆಂಡತಿ ‘ಇವರದು ಎರಡನೇ ಸಂಸಾರ ದಿಲ್ಲಿಯೊಳಗ ಅದರಿ’ ಎಂದು ಹೇಳಿ ನಗಿಸುತ್ತಾಳೆ.

ನಾವಿರುವುದು ಮರಾಠಿ ನಾಡಿನ ಬಿಬವೇವಾಡಿಯಲ್ಲಿ, ತರಕಾರಿ ಮಾರ್ಕೆಟ್ಟಿನ ಹಿಂದಿನ ಹಳೆಯ ಕಟ್ಟಡದಲ್ಲಿ. ನಮ್ಮ ತಲೆಯ ಮೇಲಿನ ಮನೆಯಲ್ಲಿ ಬೆಳಗಾವಿ ಕಡೆಯ ಗಂಡ ಹೆಂಡತಿ. ಗಂಡ ಮೊದಲು ರಾಂಜಣಗಾಂವದ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ, ಆಮೇಲೆ ಸರಕಿನ ಹಡಗಿನಲ್ಲಿ ಅಡುಗೆಯವನಾಗಿ ಸೇರಿಕೊಂಡ. ಹೆಂಡತಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಅಂಗಡಿಗಳಿಗೆ ಹಾಕುತ್ತಾಳೆ. ಬೆಳಿಗ್ಗೆ ನಮ್ಮ ಮಾಳಿಗೆ ಪಟಪಟ ಎನ್ನತೊಡಗಿದರೆ ನಾನು ಹಾಸಿಗೆ ಬಿಡುತ್ತೇನೆ. ಆಕೆ ನನ್ನನ್ನು ಕಾಕಾ ಎಂದು ಕರೆಯುತ್ತಾಳೆ. ಮಾತು ಮಾತ್ರ ಒರಟು. ಮಾರ್ಕೆಟ್ಟಿನಲ್ಲಿ ಮರಾಠಿಯಲ್ಲಿ ಜಗಳಕ್ಕೆ ನಿಂತರೆ ತಕ್ಕಡಿ ಹಿಡಿದವರು ತಾವೇ ಸುಮ್ಮನಾಗುತ್ತಾರೆ.

ಆ ಹಡಗು ದೂರದ ಒಂದು ಪರದೇಶದ ಬಂದರಿನಲ್ಲಿ ಸಿಕ್ಕಿಬಿತ್ತು. ಮಾಲೀಕ ಕೈಯೆತ್ತಿ ಕಣ್ಮರೆಯಾದ. ಬಂದರಿನವರು ಹಡಗನ್ನು ಜಪ್ತಿ ಮಾಡಿದರು, ಕಾಯುವವರಿಲ್ಲದೆ ಹಡಗು ಬಿಡುವಂತಿಲ್ಲ ಎಂದು ಒಳಗಿದ್ದವರನ್ನೂ ಇಳಿಯಗೊಡಲಿಲ್ಲ. ತಿಂಗಳುಗಳು ಉರುಳಿದವು. ಸಿಗ್ನಲ್ ಸಿಕ್ಕಾಗ ಆತ ಫೋನು ಮಾಡುತ್ತಿದ್ದ. ಯಾವಾಗ ಬರುತ್ತೀರಿ ಎಂದು ಆಕೆ ಕೇಳಿದರೆ ಒಂದೇ ಉತ್ತರ, ‘ಬಿಡವಲ್ರು’, ಅವರು ಬಿಡುತ್ತಿಲ್ಲ ಎಂದು. ನಡುವೆ ಹಡಗಿನ ಬಹಳಷ್ಟು ಜನ ಊರಿಗೆ ಮರಳಿದ ಸುದ್ದಿ ಪೇಪರಿನಲ್ಲಿ ಬಂತು. ಈತ ಬರಲಿಲ್ಲ.

‘ಎಲ್ಲಾರ್ನೂ ಬಿಟ್ಟು ಇವರನ್ನೊಬ್ಬರನ್ನ ಯಾಕ ಇಟಗೊಂಡಾರ್ರಿ ಕಾಕಾ? ಅಡಗಿ ಮಾಡಾವ ಅಂದ್ರ ಸರ್ಕಾರಕ್ಕ ಕಿಮ್ಮತ್ತಿಲ್ಲೇನು?’ ಎಂದು ಆಕೆ ಪೇಪರನ್ನು ನನ್ನ ಮುಂದೆ ಹಿಡಿದಾಗ ನನಗೆ ಮೈ ಉರಿಯಿತು. ದೊಡ್ಡ ಹುದ್ದೆಯವರನ್ನು ಮೊದಲು ಕರೆತಂದು ಬಡವನನ್ನು ಬಿಟ್ಟಿದ್ದಾರೆ, ಇನ್ನೇನು ಎಂದುಕೊಂಡೆ. ಈ ಮಂತ್ರಿಯನ್ನು ಸದನದಲ್ಲಿ ನಿಲ್ಲಿಸಿ ಕೇಳಿಸಲೇಬೇಕು ಎಂದು ಹಟ ಹತ್ತಿತು.

ಮರುದಿನವೇ ಆಕೆಯನ್ನು ಕರೆದುಕೊಂಡು ನಮ್ಮ ಸಂಸದರ ಕಚೇರಿಗೆ ಹೋದೆ. ಅವರ ಕಾರ್ಯದರ್ಶಿ ಚಹಾ ತರಿಸಿ, ತಾಳ್ಮೆಯಿಂದ ಎಲ್ಲ ಕೇಳಿಕೊಂಡು ಮರಾಠಿಯಲ್ಲಿ ಹೇಳಿದ, ‘ಆಜೋಬಾ, ಪ್ರಶ್ನ ಟಾಕತೋ. ಪಣ್ ನಂಬರ್ ಲಾಗಲಾ ಪಾಹಿಜೆ.’ ಅಜ್ಜಾ, ಪ್ರಶ್ನೆ ಹಾಕುತ್ತೇವೆ, ಆದರೆ ನಂಬರು ಹತ್ತಬೇಕಲ್ಲ ಎಂದು. ಅದು ನಿಜ. ಸಂಸದರ ಪ್ರಶ್ನೆಗಳನ್ನು ಅಲ್ಲಿ ಚೀಟಿ ಎತ್ತಿದ ಹಾಗೆ ಆರಿಸುತ್ತಾರೆ. ಮೇಲೆ ಬಂದ ಕೆಲವಕ್ಕೆ ಮಾತ್ರ ಮಂತ್ರಿ ಎದ್ದು ನಿಂತು ಬಾಯಿಂದ ಉತ್ತರಿಸುತ್ತಾನೆ, ಉಳಿದವಕ್ಕೆ ಕಾಗದದಲ್ಲೇ ಉತ್ತರ. ಇದನ್ನು ಕೇಳಿದ ಆಕೆ ನೇರವಾಗಿ ಜೇಜುರಿಗೆ ಹೋಗಿ ಖಂಡೋಬನಿಗೆ ಹರಕೆ ಹೊತ್ತು ಬಂದಳು. ನಮ್ಮ ಪ್ರಶ್ನೆ ಮೊದಲ ನಾಲ್ಕೈದರೊಳಗೇ ಬಂತು. ಖಂಡೋಬನ ಕೈ ದಿಲ್ಲಿಯವರೆಗೂ ಹೋಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಆ ದಿನ ಆಕೆ ಇಳಕಲ್ ಸೀರೆ ಉಟ್ಟು, ತಲೆ ಬಾಚಿ ಹೂ ಮುಡಿದು ಕೆಳಗಿಳಿದು ಬಂದಳು. ನನ್ನ ಹೆಂಡತಿ ಶಿರಾ ಮಾಡಿ ಮುಚ್ಚಿಟ್ಟಿದ್ದಳು. ಇಬ್ಬರೂ ಸೇರಿ ಟೀವಿಯ ಪಕ್ಕದಲ್ಲಿ ಊದಿನಕಡ್ಡಿ ಹಚ್ಚಿದ್ದರು. ಪೂಜೆಗೆ ಕೂತವನ ಹಾಗೆ ನಾನು ನಡುವೆ.

‘ಹೆಸರು ಹೇಳ್ತಾರಲ್ರಿ ಕಾಕಾ? ಮನೆತನದ ಅಡ್ಡಹೆಸರು ತಪ್ಪ ಹೇಳಿಗೀಳ್ಯಾರು.’

‘ಅಲ್ಲೆ ಯಾರ ಹೆಸರೂ ತಗೊಳ್ಳೂದಿಲ್ಲವಾ. ಹಡಗ ಅಂತಾರ, ಸಿಬ್ಬಂದಿ ಅಂತಾರ, ಅಷ್ಟ.’

‘ಹೆಸರು ಹೇಳದ ಹೆಂಗ ಹುಡುಕತಾರ್ರಿ ಮತ್ತ?’ ಎಂದಳು. ನಾನು ಟೀವಿಯ ದನಿ ಏರಿಸಿದೆ.

ಸದನ ಸೇರುತ್ತಲೇ ಗದ್ದಲ. ಒಂದು ಗುಂಪು ಫಲಕ ಹಿಡಿದು ಸಭಾಧ್ಯಕ್ಷರ ಪೀಠದ ಮುಂದೆ ಬಂದು ಕೂಗುತ್ತಿತ್ತು. ಹಿಂದಿನ ದಿನ ಹೀಗೇ ಆಗಿ ಐದು ನಿಮಿಷಕ್ಕೆ ಕಲಾಪ ಮುಂದೂಡಿದ್ದರು. ನನ್ನ ಬಾಯಿಗೆ ಆ ಹೊತ್ತು ಬಂದ ಮಾತುಗಳನ್ನು ಇಲ್ಲಿ ಬರೆಯಲಾಗದು. ಆದರೆ ಅಂದು ಸಭಾಧ್ಯಕ್ಷರು ಜಗ್ಗಲಿಲ್ಲ, ಗಲಾಟೆಯ ನಡುವೆಯೇ ಒಂದೊಂದೇ ಪ್ರಶ್ನೆ ಕರೆಯತೊಡಗಿದರು. ನಮ್ಮ ಸಂಸದರು ಎದ್ದು ಪ್ರಶ್ನೆಯ ಸಂಖ್ಯೆಯನ್ನಷ್ಟೇ ಹೇಳಿದರು. ವಿದೇಶಾಂಗ ಸಚಿವರು ಎದ್ದು, ಉತ್ತರವನ್ನು ಸದನದ ಮೇಜಿನ ಮೇಲೆ ಇಡಲಾಗಿದೆ ಎಂದು ಹೇಳಿ ಕೂತುಬಿಟ್ಟರು.

ನಾನು ಅದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಆಕೆ ಸೆರಗು ಕೊಡವಿ ಎದ್ದಳು. ‘ಮೇಜಿನ ಮ್ಯಾಲ ಇಟ್ಟರಂತೇನು? ಇಷ್ಟಕ್ಕ ನಾ ಮಾಡೂ ಕೆಲಸ ಬಿಟ್ಟ ಬಂದ್ನಿ?’

‘ಕೂಡವಾ, ಅದು ಅಲ್ಲಿನ ರೀತಿ. ಖರೇ ಪ್ರಶ್ನೆ ಇನ್ನ ಮ್ಯಾಲ ಬರ್ತದ’ ಎಂದು ಆಕೆಯನ್ನು ಕೂರಿಸುವುದರಲ್ಲಿ ನಮ್ಮ ಸಂಸದರ ಉಪಪ್ರಶ್ನೆ ಶುರುವಾಗಿಬಿಟ್ಟಿತ್ತು. ಹಿಂದಿಯಲ್ಲಿ ಕೇಳಿದರು, ಹಾಗಾಗಿ ಆಕೆಗೂ ತಿಳಿಯಿತು. ಹಡಗಿನಲ್ಲಿ ಉಳಿದವರನ್ನು ಯಾಕೆ ಇನ್ನೂ ಕರೆತಂದಿಲ್ಲ, ಅವರ ಮನೆಯವರಿಗೆ ಏನು ಹೇಳುತ್ತೀರಿ ಎಂದು. ಆಕೆ ಟೀವಿಗೆ ಕೈ ಮುಗಿದಳು.

ಸಚಿವರು ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದರು. ಮೊದಲು ಕಾಗದ ನೋಡಿ ಓದಿದರು. ಹೊರದೇಶದಲ್ಲಿರುವವರ ಕ್ಷೇಮಕ್ಕೆ ಸರ್ಕಾರದ ನೀತಿ, ಸಹಾಯವಾಣಿ, ದೂರು ದಾಖಲಿಸುವ ವ್ಯವಸ್ಥೆ, ರಾಯಭಾರ ಕಚೇರಿಯಿಂದ ಹಡಗಿಗೆ ಕಳಿಸಿದ ಅಕ್ಕಿ, ನೀರು, ಔಷಧ. ನಾನು ಬೈಯಲು ತಯಾರಾದೆ. ಅಷ್ಟರಲ್ಲಿ ಅವರು ಕಾಗದ ಕೆಳಗಿಟ್ಟರು. ಗದ್ದಲ ತುಸು ತಗ್ಗಲೆಂದು ಕಾದರು. ದಣಿದ ಮುಖ, ಆದರೂ ಕೇಳಿದವರತ್ತಲೇ ತಿರುಗಿ, ದನಿ ಏರಿಸದೆ ಏನೋ ನೆನಪು ಮಾಡಿಕೊಂಡು ಹೇಳುವವರ ಹಾಗೆ ಹೇಳಿದರು. ಅವರ ಮಾತು ಮುಗಿದಾಗ ಎರಡೂ ಕಡೆಯವರು ಮೇಜು ಕುಟ್ಟಿದರು. ಫಲಕ ಹಿಡಿದವರಲ್ಲೂ ಇಬ್ಬರು ಮೂವರು ಕೂಗುವುದನ್ನು ನಿಲ್ಲಿಸಿ ಆ ಕಡೆ ನೋಡಿದರು.

ಮೇಜು ಕುಟ್ಟುವುದನ್ನು ನೋಡಿ ಆಕೆಯ ಮುಖ ಅರಳಿತು. ‘ಕುಕ್ ಅಂದ್ರು, ನಾ ಕೇಳೇನಿ. ನಮ್ಮವರ ಸುದ್ದೀನ ಅದು. ಏನಂದ್ರು ಕಾಕಾ? ಬಿಟ್ಟರಂತ?’

ನನ್ನ ಹೆಂಡತಿ ಶಿರಾದ ಪಾತ್ರೆಗೆ ಕೈ ಹಾಕಿದ್ದಳು, ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ. ಸುಳ್ಳು ಹೇಳಬಹುದಿತ್ತು. ಆದರೆ ಆಕೆ ಹೂ ಮುಡಿದು ಬಂದಿದ್ದು ಸುಳ್ಳು ಕೇಳಲಿಕ್ಕಲ್ಲ.

‘ಹಡಗ ಕಾಯಲಿಕ್ಕೆ ಒಂದಷ್ಟ ಮಂದಿ ಇರಲೇಬೇಕಂತ, ಬಂದರಿನವರ ಕಾನೂನು’ ಎಂದೆ. ‘ನಮ್ಮ ಅಧಿಕಾರಿಗಳು ಹಡಗಿನೊಳಗ ಹೋಗಿ ಒಬ್ಬೊಬ್ಬರನ್ನೂ ಬ್ಯಾರೆ ಬ್ಯಾರೆ ಕೇಳಿದ್ರಂತ. ಹಿಂದಿನ ಸಲ ಬಂದವರ ಜೋಡಿ ನಿನ್ನ ಗಂಡಗೂ ಜಾಗಾ ಇತ್ತಂತ. ಆದ್ರ ಅವನೇ ಬ್ಯಾಡ ಅಂದನಂತ. ಉಳದವರಿಗೆ ಅಡಗಿ ಮಾಡಾವರ ಯಾರೂ ಇಲ್ಲ, ಅವರು ಇಳಿಯೂತನಕಾ ನಾನೂ ಇಳಿಯೂದಿಲ್ಲ ಅಂದನಂತ. ಇನ್ನೊಮ್ಮೆ ಹೋಗಿ ಕೇಳಿದ್ರೂ ಅದನ್ನ ಹೇಳಿದನಂತ. ಅಂಥಾ ಮನುಷ್ಯಾಗ ಈ ಸದನ ಕೃತಜ್ಞತೆ ಹೇಳಬೇಕು ಅಂದ್ರು ಮಂತ್ರಿಗಳು.’

‘ಇನ್ನೊಮ್ಮೆ ಹೇಳ್ರಿ’ ಎಂದಳು. ಇನ್ನೊಮ್ಮೆ ಹೇಳಿದೆ.

‘ಇದನ್ನ ಕೇಳಿ ಬಡದ್ರೇನು ಮೇಜು?’

‘ಹೌದವಾ.’

‘ಬಡೀತಾರ, ಅವ್ರಿಗೇನು. ಅವರ ಗಂಡ ಅಲ್ಲ.’

ಟೀವಿಯಲ್ಲಿ ಮುಂದಿನ ಪ್ರಶ್ನೆ ಶುರುವಾಗಿತ್ತು. ಆಕೆ ಮುಡಿಯಿಂದ ಹೂ ತೆಗೆದು ಟೀಪಾಯಿಯ ಮೇಲಿಟ್ಟು ಮೇಲಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ಮೇಲೆ ರೊಟ್ಟಿಯ ಸದ್ದು ಕೇಳಿಸಿತು, ಎಂದಿಗಿಂತ ಜೋರಾಗಿ. ನನ್ನ ಹೆಂಡತಿ ಸದ್ದಿಲ್ಲದೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಳು. ನನಗೆ ವಿಚಿತ್ರ ಪೇಚು. ತಿಂಗಳುಗಟ್ಟಲೆ ಕೂಡಿಟ್ಟ ಬೈಗುಳವನ್ನು ಯಾರ ಮೇಲೆ ಸುರಿಯಬೇಕು? ಸಚಿವರ ಮೇಲೆ ಸಿಟ್ಟು ಬರಲಿಲ್ಲ. ಕಾಗದದ ಹಿಂದೆ ಅಡಗಿಕೊಳ್ಳಬಹುದಾಗಿದ್ದವರು ಒಬ್ಬ ಅಡುಗೆಯವನ ಮಾತನ್ನು ನೆನಪಿಟ್ಟುಕೊಂಡು ಬಂದು ಹೇಳಿದ್ದರು. ಅಂಥ ಉತ್ತರವನ್ನು ನಾನು ಕೌಂಟರಿನಲ್ಲಿ ಕೂತು ಯಾರಿಗೂ ಕೊಟ್ಟಿದ್ದಿಲ್ಲ. ಆ ಅಡುಗೆಯವನ ಮೇಲಂತೂ ಸಿಟ್ಟು ಮಾಡುವುದು ಹೇಗೆ? ಆದರೂ ಮೇಲಿನ ಆ ಪಟಪಟ ಕೇಳುತ್ತ ಕೂತಾಗ ಅವನನ್ನು ಹಿಡಿದು ನಾಲ್ಕು ಬಾರಿಸಬೇಕು ಎನಿಸಿದ್ದು ಸುಳ್ಳಲ್ಲ.

ಆತನ ಫೋನು ಆ ವಾರದ ಕೊನೆಗೆ ಬಂತು. ಮಧ್ಯಾಹ್ನದ ಹೊತ್ತು. ಆಕೆ ನಮಗೆ ರೊಟ್ಟಿ ಕೊಡಲು ಕೆಳಗೆ ಬಂದಿದ್ದಳು, ಹಿಟ್ಟು ಮೆತ್ತಿದ ಕೈ, ಅದಕ್ಕೇ ಸ್ಪೀಕರ್ ಒತ್ತಿ ಫೋನನ್ನು ನಮ್ಮ ಮೇಜಿನ ಮೇಲಿಟ್ಟಳು. ನಾನು ಎದ್ದು ಹೋಗಲು ನೋಡಿದೆ. ಕೂಡ್ರಿ ಎಂದು ಸನ್ನೆ ಮಾಡಿದಳು.

‘ಪಾರ್ಲಿಮೆಂಟಿನ್ಯಾಗ ನಿಮ್ಮ ಸುದ್ದಿ ಬಂತು’ ಎಂದಳು.

ರೊಟ್ಟಿಗಳನ್ನು ನನ್ನತ್ತ ಸರಿಸಿ ಆಕೆಯೇ ಮುಂದುವರಿಸಿದಳು.

‘ನಾ ಕೇಳಿದಾಗೆಲ್ಲಾ ಬಿಡವಲ್ರು ಅಂದ್ರಿ. ಸರ್ಕಾರದವರು ಕೇಳಿದ್ರ ಖರೇ ಹೇಳಿದ್ರಿ. ನನಗಿಂತ ಅವರು ಹತ್ತರದವರೇನು ನಿಮಗ?’

ಆತ ಮೆಲ್ಲಗೆ ಹೇಳಿದ, ‘ಅವರಿಗೆ ಇಲ್ಲ ಅನ್ನಾಕ ಬರ್ತೈತಿ. ನಿನಗ ಹೇಳಿದ್ರ ನೀ ಬರ್ರಿ ಅಂತಿದ್ದಿ. ನೀ ಬರ್ರಿ ಅಂದ ಮ್ಯಾಲ ನನ್ನ ಕೈಲೆ ಇಲ್ಲಿ ಇರಾಕ ಆಗ್ತಿರಲಿಲ್ಲ.’

ಆಕೆ ಸೆರಗಿಗೆ ಕೈ ಒರೆಸಿಕೊಂಡಳು, ಹಿಟ್ಟು ಹೋದ ಮೇಲೂ ಒರೆಸಿಕೊಳ್ಳುತ್ತಲೇ ಇದ್ದಳು. ‘ಉಳದಾವರು ಹೆಂಗದಾರು?’ ಎಂದು ಕೇಳಿದಳು.

‘ಒಬ್ಬಾಂವಗ ಜ್ವರ ಬಿಟ್ಟು ಬಿಟ್ಟು ಬರಾಕತ್ತಾವ. ಇನ್ನೊಬ್ಬಾಂವಗ ಚಾ ಕಾಸಾಕೂ ಬರೂದಿಲ್ಲ.’

‘ಮತ್ತ ನನ್ನ ಜೋಡಿ ಏನ ಮಾತಾಡಕೋತ ನಿಂತೀರಿ? ಅವರ ಊಟದ ಹೊತ್ತಾಗಿರಬೇಕು. ಹೋಗ್ರಿ, ಅಡಗಿ ಮಾಡ್ರಿ’ ಎಂದು ಆಕೆ ಫೋನು ಕಟ್ ಮಾಡಿದಳು.

ಆಮೇಲೆ ಅದನ್ನು ಕೈಗೆತ್ತಿಕೊಂಡು ಕರೆ ನಿಜಕ್ಕೂ ಕಟ್ಟಾಗಿದೆಯೇ ಎಂದು ನೋಡಿದಳು. ಆಗಿತ್ತು. ನನಗೂ ತೋರಿಸಿ ಕೇಳಿದಳು, ಹೌದವಾ, ಕಟ್ಟಾಗೇದ ಎಂದೆ. ಆಗ, ಇನ್ನು ಆತನಿಗೆ ಕೇಳಿಸುವುದಿಲ್ಲ ಎಂದು ಗಟ್ಟಿಯಾದ ಮೇಲೆ, ಫೋನು ನೋಡುತ್ತ ಹೇಳಿದಳು, ‘ಬರ್ರಿ.’